ಮೂರನೆಯ ಸಿಲಿಂಡರು

ಅಣ್ಣ ತೀರಿಕೊಂಡ ಮೇಲೆ ಓಣಿಯಲ್ಲಿ ಕಂಡಕಂಡವರೆಲ್ಲ ಆಕೆಗೆ ಹೇಳಿದ್ದು ಒಂದೇ ಮಾತು, ಕಾರು ಮಾರಿಬಿಡು ಅಂತ. ಹಾಲಿನ ಅಂಗಡಿಯವನು ಹೇಳಿದ. ಮೇಲಿನ ಮನೆಯ ಟೈಲರ್ ಹೆಂಗಸು ಹೇಳಿದಳು. ಎಂದೂ ಮಾತಾಡಿಸದ ಎದುರುಮನೆಯ ಮುದುಕರು ಕೂಡ ಕಿಟಕಿಯಿಂದ ತಲೆ ಹೊರಗೆ ಹಾಕಿ ಅದನ್ನೇ ಹೇಳಿ, ಮತ್ತೆ ತಲೆ ಒಳಗೆಳೆದುಕೊಂಡರು. ನೌಕರಿಯಿಂದ ನಿವೃತ್ತಳಾದ ಒಂಟಿ ಹೆಂಗಸು ಹಳೇ ಟ್ಯಾಕ್ಸಿ ಕಟ್ಟಿಕೊಂಡು ಏನು ಮಾಡುತ್ತಾಳೆ ಎಂಬುದು ಅವರ ಯೋಚನೆ. ಆಕೆ ಎಲ್ಲರಿಗೂ “ನೋಡೋಣ” ಎಂದಳು. ಮಾರಲು ಆ ಕಾರು ತನ್ನದಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ.

ಕಾರು ಅತ್ತಿಗೆಗೆ ಸೇರಬೇಕಾದದ್ದು ಎಂಬುದು ಆಕೆಯ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಅಣ್ಣನ ಹೆಂಡತಿ ಎಲ್ಲೋ ಕಣ್ಮರೆಯಾದವಳೇನಲ್ಲ. ಅರ್ಧ ದಿನದ ದಾರಿಯ ಊರೊಂದರಲ್ಲಿ, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಹೋಗಿ ಹತ್ತು ವರ್ಷದ ಮೇಲಾಗಿತ್ತು. ಕೂಗಾಡಿ ಹೋದದ್ದಲ್ಲ, ಕೋರ್ಟು ಹತ್ತಿದ್ದೂ ಅಲ್ಲ. ತಾಯಿಗೆ ಹುಷಾರಿಲ್ಲವೆಂದು ಒಂದು ಚೀಲ ಹಿಡಿದು ಹೊರಟವಳು ತಿರುಗಿ ಬರಲಿಲ್ಲ, ಅಷ್ಟೆ. ಅಣ್ಣನನ್ನು ಕೇಳಿದರೆ “ಅವಳು ಬರಲ್ಲ ಬಿಡು” ಎಂದು ಮಾತು ಮುಗಿಸುತ್ತಿದ್ದ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದರಲ್ಲಿ ಜಗಳವೇ ಇರಲಿಲ್ಲವಾದ್ದರಿಂದ ಅದು ಮುಗಿಯುವುದಕ್ಕೂ ದಾರಿ ಇರಲಿಲ್ಲ.

ಅಣ್ಣ ಹೋದಾಗ ಆಕೆ ಆಸ್ಪತ್ರೆಯ ಆಫೀಸಿಗೆ ಸುದ್ದಿ ಮುಟ್ಟಿಸಿದ್ದಳು. ಅದು ಆಫೀಸಿನಿಂದ ಒಗೆಯುವ ಕೋಣೆಗೆ ಇಳಿದು ಅತ್ತಿಗೆಯ ಕಿವಿಗೆ ಬೀಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತಿಗೆ ಫೋನು ಮಾಡಿ, “ತುಂಬ ನರಳಿದ್ರಾ?” ಎಂದಷ್ಟೇ ಕೇಳಿದಳು. ಇಲ್ಲ, ನಿದ್ದೆಯಲ್ಲೇ ಹೋದ ಎಂದಳು ಈಕೆ. ಅತ್ತಿಗೆಯ ಹಿಂದೆ ದೊಡ್ಡ ಯಂತ್ರವೊಂದು ಗಿರಗಿರ ತಿರುಗುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತಾಗ ಅತ್ತಿಗೆ “ಇಡ್ತೀನಿ” ಎಂದು ಫೋನು ಇಟ್ಟಳು.

ತಂಗಿಗೆ ಓಣಿಯಲ್ಲಿದ್ದ ಹೆಸರು ಟೆಸ್ಟಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನುಗಳನ್ನು ಪರೀಕ್ಷಿಸುವ ಮೇಜಿನ ಮುಂದೆ ಇಡೀ ನೌಕರಿ ಕಳೆದವಳು. ಯಾರದೋ ಮನೆಯ ಫೋನು ಸತ್ತಿದೆ ಎಂದರೆ ತಪ್ಪು ಎಲ್ಲಿದೆ ಎಂದು ಕೂತಲ್ಲಿಂದಲೇ ಪತ್ತೆ ಮಾಡುವುದು ಅವಳ ಕೆಲಸ. ಲೈನ್‌ಮನ್ ದೂರದ ಕಂಬ ಹತ್ತಿ, “ಅಕ್ಕ, ಈಗ ನೋಡಿ” ಅನ್ನುತ್ತಿದ್ದ. ಈಕೆ ಮೀಟರಿನ ಮುಳ್ಳು ನೋಡಿ, “ಇಲ್ಲಿವರೆಗೆ ಸರಿ, ಮುಂದಿನ ಕಂಬಕ್ಕೆ ಹೋಗು” ಅನ್ನುತ್ತಿದ್ದಳು. ಆ ಕೆಲಸದ ಸೂತ್ರ ಇಷ್ಟೇ: ತಂತಿಯನ್ನು ಅರ್ಧದಲ್ಲಿ ಬಿಡಿಸಿ ನೋಡು. ತಪ್ಪು ಈ ಅರ್ಧದಲ್ಲೋ ಆ ಅರ್ಧದಲ್ಲೋ ತಿಳಿ. ತಪ್ಪಿರುವ ಅರ್ಧವನ್ನು ಮತ್ತೆ ಅರ್ಧ ಮಾಡು. ತಪ್ಪು ಇಲ್ಲೇ ಇದೆ ಎಂದು ಗೊತ್ತಾಗುವ ತನಕ ಯಾವುದನ್ನೂ ಬದಲಾಯಿಸಬೇಡ. ಹೀಗೆ ವರ್ಷಗಟ್ಟಲೆ ಮುಖ ನೋಡದ ಗಂಡಸರ ಜೊತೆ ದಿನವಿಡೀ ಮಾತಾಡಿ, ಸಂಜೆ ಮನೆಗೆ ಬಂದರೆ ಅವಳಿಗೆ ಮಾತು ಸಾಕಾಗಿರುತ್ತಿತ್ತು. ಅಣ್ಣನಿಗೂ ಅಷ್ಟೆ. ದಿನವಿಡೀ ಪ್ರಯಾಣಿಕರೊಡನೆ ಹರಟಿ ಬಂದವನು ಬಾಗಿಲು ದಾಟುತ್ತಲೇ ಮೂಕನಾಗುತ್ತಿದ್ದ. ಮನೆ ಶಾಂತವಾಗಿತ್ತು. ಆ ಶಾಂತಿ ಇಬ್ಬರು ಕೂಡಿ ಮಾಡಿದ್ದಾಗಿತ್ತು ಎಂಬುದು ಅವಳಿಗೆ ಈಗ, ಒಬ್ಬಳೇ ಉಳಿದ ಮೇಲೆ, ತಿಳಿಯತೊಡಗಿತು. ಈಗಿನದು ಬೇರೆ ತರಹದ್ದು. ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಮೇಲಿನ ಮನೆಯ ಹೊಲಿಗೆ ಯಂತ್ರ ನಿಂತದ್ದು ಕೂಡ ಕೇಳುತ್ತಿತ್ತು.

ಕಾರನ್ನು ಅತ್ತಿಗೆಯ ಊರಿಗೆ ತಾನೇ ಓಡಿಸಿಕೊಂಡು ಹೋಗಿ ಒಪ್ಪಿಸಿ, ಬಸ್ಸಿನಲ್ಲಿ ವಾಪಸು ಬರುವುದೆಂದು ಅವಳು ನಿಶ್ಚಯಿಸಿದಳು. ಓಡಿಸಲು ಬರುತ್ತಿತ್ತು. ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ಅಣ್ಣನೇ ರಜೆಯ ದಿನಗಳಲ್ಲಿ ಕಲಿಸಿದ್ದ. ಆದರೆ ಹೊರಟ ಮೊದಲ ದಿನ ಊರಿನ ಎಲ್ಲೆಯನ್ನೂ ದಾಟಲಾಗಲಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಇಂಜಿನ್ ಮಿಸ್ ಹೊಡೆಯತೊಡಗಿತು. ನಾಲ್ವರು ಹೊತ್ತ ಮಂಚದಲ್ಲಿ ಒಬ್ಬ ಹೆಗಲು ಜಾರಿಸಿದ ಹಾಗೆ ಕಾರು ಒಂದು ಕಡೆಗೆ ಕುಲುಕುತ್ತ, ತಡವರಿಸುತ್ತ, ಹಸಿರು ದೀಪ ಬೀಳುವ ಹೊತ್ತಿಗೆ ಸತ್ತೇ ಹೋಯಿತು. ಹಿಂದೆ ಹಾರ್ನುಗಳ ಜಾತ್ರೆ. ಬಸ್ಸಿನವನೊಬ್ಬ ಕಿಟಕಿಯಿಂದ ಬಗ್ಗಿ, “ಅಮ್ಮಾ, ಮನೇಲಿ ಗಂಡಸ್ರು ಯಾರೂ ಇಲ್ವಾ?” ಎಂದ. ಇದ್ದ, ಹೋದ ಎಂದು ಹೇಳಬೇಕೆನಿಸಿತು. ಹೇಳದೆ ಕೀ ತಿರುಗಿಸಿದಳು.

ಓಣಿಯ ತುದಿಯ ಗ್ಯಾರೇಜಿನ ಮೇಸ್ತ್ರಿ ಅಣ್ಣನ ಹಳೆಯ ಗೆಳೆಯ. ಕಾರನ್ನು ನೋಡಿದವನೇ ತಲೆ ಅಲ್ಲಾಡಿಸಿದ. ಈ ರೋಗ ಹೊಸದಲ್ಲವಂತೆ. ಒಂದೆರಡು ವರ್ಷದಿಂದ ಅಣ್ಣ ಇದರ ಹಿಂದೆ ಬಿದ್ದಿದ್ದನಂತೆ. ಮೊದಲು ನಾಲ್ಕು ಸಿಲಿಂಡರುಗಳ ಒಳಗೆ ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳನ್ನು ಬದಲಾಯಿಸಿದ್ದಾಯಿತು. ಆಮೇಲೆ ಪ್ಲಗ್ಗಿನ ವೈರುಗಳು. ಆಮೇಲೆ ಕಿಡಿ ಹುಟ್ಟಿಸುವ ಕಾಯಿಲ್, ಒಂದಲ್ಲ, ಎರಡು ಸಲ. ಪೆಟ್ರೋಲ್ ಪಂಪು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದದ್ದಂತೂ ಲೆಕ್ಕವೇ ಇಲ್ಲ.

“ನಾನು ಬೇಡ ಅಂದೆ. ಅವನೇ ಕೈಯಲ್ಲಿ ಸಾಮಾನು ಹಿಡ್ಕೊಂಡು ಬರ್ತಿದ್ದ. ‘ಇದೇ ಇರ್ಬೇಕು, ಹಾಕು’ ಅಂತಿದ್ದ. ಗೆಳೆಯ ಅಲ್ವಾ, ಹಾಕ್ತಿದ್ದೆ,” ಎಂದ ಮೇಸ್ತ್ರಿ.

ಈಗ ಉಳಿದಿರುವುದು ಇಂಜಿನ್ನಿನ ತಲೆ ಬಿಚ್ಚುವುದೊಂದೇ ಎಂಬುದು ಅವನ ಅಭಿಪ್ರಾಯ. ಅದು ದೊಡ್ಡ ಕೆಲಸ, ವಾರ ಹಿಡಿಯುತ್ತದೆ ಎಂದ. ಅವಳು ಯೋಚಿಸಿ ಹೇಳುತ್ತೇನೆಂದು ಕಾರನ್ನು ಮನೆಗೆ ತಂದಳು. ಡಿಕ್ಕಿ ತೆರೆದು ನೋಡಿದರೆ ಸ್ಟೆಪ್ನಿಯ ಪಕ್ಕದಲ್ಲಿ, ಹಳೇ ಪೇಪರಿನಲ್ಲಿ ಒಂದೊಂದಾಗಿ ಸುತ್ತಿಟ್ಟ ಪೊಟ್ಟಣಗಳು. ಬಿಚ್ಚಿಸಿದ ಸಾಮಾನುಗಳನ್ನೆಲ್ಲ ಅಣ್ಣ ಎಸೆಯದೆ ಇಟ್ಟುಕೊಂಡಿದ್ದ. ಯಾವುದೂ ಕೆಟ್ಟ ಹಾಗೆ ಕಾಣಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಕೊಟ್ಟಿಗೆಯಲ್ಲಿದ್ದ ಎಮ್ಮೆಗಳಿಗೆಲ್ಲ ಬರೆ ಬಿದ್ದಿತ್ತು, ಎತ್ತು ಮಾತ್ರ ಇನ್ನೂ ನರಳುತ್ತಿತ್ತು. ಅವಳಿಗೆ ನಗು ಬಂತು. ನಕ್ಕ ಸದ್ದು ಓಣಿಯ ಗೋಡೆಗೆ ಬಡಿದು ವಾಪಸು ಬಂದಾಗ ತಟ್ಟನೆ ಸುಮ್ಮನಾದಳು.

ಇಂಜಿನ್ನಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಕಡಿಮೆ. ಆದರೆ ತಪ್ಪು ಹುಡುಕುವುದು ಗೊತ್ತಿತ್ತು. ಗೊತ್ತಿಲ್ಲದ ಕಡೆ ಮೇಸ್ತ್ರಿಯನ್ನು ಕೇಳುವುದು, ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಮುಟ್ಟುವುದು ಎಂದು ತೀರ್ಮಾನಿಸಿದಳು.

ಮೊದಲ ಕೆಲವು ದಿನ ಅವಳು ಏನನ್ನೂ ಮುಟ್ಟಲಿಲ್ಲ. ಬೆಳಗಿನ ಹೊತ್ತು ಕಾರಿನಲ್ಲಿ ಕೂತು, ಯಾವಾಗ ಮಿಸ್ ಹೊಡೆಯುತ್ತದೆ, ಯಾವಾಗ ಇಲ್ಲ ಎಂದು ನೋಡಿದಳು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸರಿಯಾಗಿಯೇ ಇರುತ್ತಿತ್ತು. ಬಿಸಿಯಾದ ಮೇಲೆ, ಅದೂ ಕಾರು ನಿಂತಲ್ಲೇ ಇಂಜಿನ್ ಓಡುವಾಗ, ತಡವರಿಕೆ ಶುರು. ರಸ್ತೆಗೆ ಇಳಿಸಿ ವೇಗ ಕೊಟ್ಟರೆ ಎಲ್ಲ ಮಾಯ. ನೀರಿನ ಟ್ಯಾಂಕಿನ ಕಡೆಯ ಕಡಿದಾದ ಏರಿನಲ್ಲಿ ಬೇಕೆಂದೇ ಹತ್ತಿಸಿ ನೋಡಿದಳು. ಒಂದಿಷ್ಟೂ ಎಡವದೆ ಹತ್ತಿತು. ಏರು ಇಳಿದು ಸಿಗ್ನಲ್ಲಿಗೆ ಬಂದರೆ ಮತ್ತೆ ಕುಂಟು.

ಇದನ್ನು ಹೋಗಿ ಮೇಸ್ತ್ರಿಗೆ ಹೇಳಿದಾಗ ಅವನು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತ. ಕಿಡಿ ಸೋತಿದ್ದರೆ ಏರಿನಲ್ಲಿ ಸೋಲಬೇಕಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಭಾರ ಬಿದ್ದಾಗಲೇ ಕಿಡಿಯ ಬಲ ಬೇಕಾಗುವುದು. ಏರಿನಲ್ಲಿ ಗಟ್ಟಿಯಾಗಿದ್ದು ನಿಂತಲ್ಲಿ ಸೋಲುತ್ತದೆ ಎಂದರೆ ಅದು ಬೇರೇನೋ.

“ನಿಮ್ಮಣ್ಣ ಏರಿನ ವಿಷಯ ಹೇಳ್ಲೇ ಇಲ್ಲ,” ಎಂದ.

“ನೀವು ಕೇಳಿದ್ರಾ?”

“ಕೇಳ್ಲಿಲ್ಲ,” ಎಂದು ಅವನು ಒಪ್ಪಿಕೊಂಡ. ಅದರಲ್ಲಿ ಅವನಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಒಳಗೆ ಹೋಗಿ ಹಿಡಿಗೆ ರಬ್ಬರು ಸುತ್ತಿದ ಇಕ್ಕಳವೊಂದನ್ನು ತಂದುಕೊಟ್ಟು, ಓಡುತ್ತಿರುವ ಇಂಜಿನ್ನಿನಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಶಾಕ್ ಹೊಡೆಸಿಕೊಳ್ಳದೆ ಕೀಳುವುದು ಹೇಗೆಂದು ತೋರಿಸಿಕೊಟ್ಟ.

ಮಾರನೆಯ ಬೆಳಿಗ್ಗೆ ಬಾನೆಟ್ ಎತ್ತಿ, ಇಂಜಿನ್ ಬಿಸಿಯಾಗುವವರೆಗೆ ಕಾದು, ಅವಳು ಮೊದಲನೆಯ ವೈರನ್ನು ಕಿತ್ತಳು. ಕುಂಟುತ್ತಿದ್ದ ಇಂಜಿನ್ ಇನ್ನಷ್ಟು ಕುಂಟಿತು. ಅಂದರೆ ಮೊದಲನೆಯ ಸಿಲಿಂಡರು ದುಡಿಯುತ್ತಿದೆ. ಮತ್ತೆ ಸಿಕ್ಕಿಸಿದಳು. ಎರಡನೆಯದನ್ನು ಕಿತ್ತಳು, ಅದೂ ಹಾಗೇ. ಮೂರನೆಯದನ್ನು ಕಿತ್ತಾಗ ಇಂಜಿನ್ನಿನ ಸದ್ದು ಒಂದು ಎಳೆಯಷ್ಟೂ ಬದಲಾಗಲಿಲ್ಲ. ಇರುವವನು ಇದ್ದರೂ ಒಂದೇ ಹೋದರೂ ಒಂದೇ ಎಂಬಂತೆ ಅದೇ ತಾಳದಲ್ಲಿ ತಡವರಿಸುತ್ತಿತ್ತು. ನಾಲ್ಕನೆಯದನ್ನೂ ನೋಡಿದಳು, ಅದು ದುಡಿಯುತ್ತಿತ್ತು.

“ಒಂದು ಸರಿ, ಎರಡು ಸರಿ, ಮೂರು ತಪ್ಪು, ನಾಲ್ಕು ಸರಿ,” ಎಂದು ಅವಳು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಹೇಳಿದಳು. ಹೇಳಿದ ಮೇಲೆ ಒಂದು ಗಳಿಗೆ ತಡೆದಳು. ಹಿಂದೆಲ್ಲ ಇಷ್ಟು ಹೇಳಿದ ಕೂಡಲೇ ದೂರದ ಕಂಬದ ಮೇಲಿಂದ “ಆಯ್ತು ಅಕ್ಕ” ಎಂದು ಒಂದು ದನಿ ಬರುತ್ತಿತ್ತು.

ಮೂರನೆಯದು ಎಂದು ಗೊತ್ತಾಯಿತು. ಆದರೆ ಮೂರನೆಯದಕ್ಕೆ ಏನಾಗಿದೆ? ಅವಳು ಒಂದನೆಯ ಪ್ಲಗ್ಗನ್ನೂ ಮೂರನೆಯ ಪ್ಲಗ್ಗನ್ನೂ ಅದಲುಬದಲು ಮಾಡಿದಳು. ತಪ್ಪು ಪ್ಲಗ್ಗಿನದಾದರೆ ಅದು ಪ್ಲಗ್ಗಿನ ಜೊತೆ ಒಂದನೆಯ ಮನೆಗೆ ಹೋಗಬೇಕು. ಹೋಗಲಿಲ್ಲ, ಮೂರರಲ್ಲೇ ಉಳಿಯಿತು. ವೈರುಗಳನ್ನು ಅದಲುಬದಲು ಮಾಡಿದಳು. ಆಗಲೂ ಮೂರೇ. ಕಾಯಿಲ್ಲು ನಾಲ್ಕಕ್ಕೂ ಒಂದೇ. ಅದು ಕೆಟ್ಟಿದ್ದರೆ ನಾಲ್ಕೂ ಅಳಬೇಕಿತ್ತು. ಪಂಪೂ ಹಾಗೇ, ಕಾರ್ಬ್ಯುರೇಟರೂ ಹಾಗೇ. ಡಿಕ್ಕಿಯಲ್ಲಿದ್ದ ಪೊಟ್ಟಣಗಳೆಲ್ಲ ನಿರಪರಾಧಿಗಳೆಂದು ಹೀಗೆ ಒಂದೊಂದಾಗಿ ಖಚಿತವಾಗುತ್ತ ಬಂತು. ಅವಳ ಉಗುರುಗಳಲ್ಲಿ ಕಪ್ಪು ಕೂತಿತು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಅಣ್ಣನ ಉಗುರುಗಳೂ ಹೀಗೇ ಇದ್ದವು. ಊಟಕ್ಕೆ ಕೂತಾಗ ತನ್ನದೇ ಕೈಯನ್ನು ನೋಡಿ ಒಂದೆರಡು ಸಲ ಅವಳು ತಬ್ಬಿಬ್ಬಾದದ್ದುಂಟು.

ಆ ದಿನಗಳಲ್ಲಿ ಅವಳು ಮನಸ್ಸಿನಲ್ಲೇ ಅಣ್ಣನ ಜೊತೆ ವಾದಕ್ಕೆ ಇಳಿಯುತ್ತಿದ್ದಳು. ನೋಡು, ಒಂದು ಬೆಳಿಗ್ಗೆ ಸಾಕಿತ್ತು, ಪ್ಲಗ್ಗಲ್ಲ ಅಂತ ತಿಳಿಯೋಕೆ. ಅದಕ್ಕೆ ಅವನು ಎಂದಿನಂತೆ ಕೈ ಕೊಡವಿ, ನಿಂಗೆ ಇಂಜಿನ್ ಗೊತ್ತಾಗಲ್ಲ ಸುಮ್ನಿರು, ಅನ್ನುತ್ತಿದ್ದ. ಬದುಕಿದ್ದಾಗ ಇಷ್ಟು ಮಾತು ಅವರ ನಡುವೆ ಆಗಿದ್ದೇ ಅಪರೂಪ.

ಮೇಸ್ತ್ರಿ ಒಂದು ದಿನ ತಾನಾಗಿ ಓಣಿಗೆ ಬಂದ. ಕೈಯಲ್ಲಿ ಸಿಲಿಂಡರಿನ ಒತ್ತಡ ಅಳೆಯುವ ಗೇಜು. ನಾಲ್ಕನ್ನೂ ಅಳೆದು ನೋಡಿದರು. ನಾಲ್ಕರಲ್ಲೂ ಮುಳ್ಳು ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಏರಿ ನಿಂತಿತು. ಮೂರನೆಯ ಸಿಲಿಂಡರಿನ ಒಳಗು ಗಟ್ಟಿಮುಟ್ಟಾಗಿದೆ ಎಂದಾಯಿತು.

“ಹಾಗಾದ್ರೆ ತಲೆ ಬಿಚ್ಚೋದು ಬೇಡ,” ಎಂದಳು ಅವಳು.

“ಬೇಡ. ಬಿಚ್ಚಿದ್ರೆ ನಂದೇ ತಲೆ ಬಿಚ್ಚಬೇಕಿತ್ತು,” ಎಂದ ಮೇಸ್ತ್ರಿ. ಬಹಳ ದಿನದ ಮೇಲೆ ಅವಳು ಇನ್ನೊಬ್ಬರ ಎದುರಿಗೆ ನಕ್ಕಳು. ಅವನು ಇನ್ನೂ ಸ್ವಲ್ಪ ಹೊತ್ತು ನಿಲ್ಲುವವನ ಹಾಗೆ ಕಂಡ. ಆದರೆ ಗ್ಯಾರೇಜಿನಿಂದ ಯಾರೋ ಕೂಗಿದರು, ಹೊರಟುಹೋದ.

ಕಿಡಿ ಸರಿ, ಒತ್ತಡ ಸರಿ. ಉಳಿದದ್ದು ಗಾಳಿ ಮತ್ತು ಪೆಟ್ರೋಲು. ಅವೆರಡೂ ನಾಲ್ಕು ಸಿಲಿಂಡರಿಗೂ ಒಂದೇ ಕಡೆಯಿಂದ ಬರುತ್ತವೆ. ಹಾಗಾದರೆ ಮೂರನೆಯದಕ್ಕೆ ಮಾತ್ರ ಇದ್ದು ಉಳಿದವಕ್ಕೆ ಇಲ್ಲದ್ದು ಏನು? ಅವಳು ಕುರ್ಚಿಯೊಂದನ್ನು ತಂದು ಕಾರಿನ ಮುಂದೆ ಹಾಕಿಕೊಂಡು, ತೆರೆದ ಬಾನೆಟ್ಟಿನ ಒಳಗನ್ನು ಸುಮ್ಮನೆ ನೋಡುತ್ತ ಕೂತಳು. ದಾರಿಹೋಕರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಟೈಲರ್ ಹೆಂಗಸು ಮೆಟ್ಟಿಲಿಳಿದು ಹೋಗುವಾಗ, ಸಿನೆಮಾ ಎಷ್ಟು ಹೊತ್ತಿಗೆ ಬಿಡುತ್ತೆ ಎಂದು ಕೇಳಿ ಹೋದಳು.

ಕೂತು ನೋಡಿದ ಮೇಲೆ ಕಣ್ಣಿಗೆ ಬಿತ್ತು. ನಾಲ್ಕು ಸಿಲಿಂಡರುಗಳಿಗೂ ಗಾಳಿ ಒಯ್ಯುವ ನಾಲ್ಕು ಕೊಳವೆಗಳು. ಅದರಲ್ಲಿ ಮೂರನೆಯ ಕೊಳವೆಯ ಬೆನ್ನಿಗೆ ಮಾತ್ರ ಒಂದು ದಪ್ಪ ರಬ್ಬರಿನ ಪೈಪು ಅಂಟಿಕೊಂಡಿತ್ತು. ಅದು ಇಂಜಿನ್ನನ್ನು ಸುತ್ತಿ ಹಿಂದಕ್ಕೆ ಹೋಗಿ, ಬ್ರೇಕಿಗೆ ಬಲ ಕೊಡುವ ದುಂಡನೆಯ ಡಬ್ಬಿಗೆ ಸೇರುತ್ತಿತ್ತು. ಇಂಜಿನ್ನು ಗಾಳಿಯನ್ನು ಹೀರುವ ಬಲವನ್ನೇ ಬ್ರೇಕು ಎರವಲು ಪಡೆಯುತ್ತದೆ ಎಂದು ಅಣ್ಣ ಒಮ್ಮೆ ಹೇಳಿದ್ದ. ಬ್ರೇಕು ಈಚೆಗೆ ಸ್ವಲ್ಪ ಗಟ್ಟಿ ಎನ್ನಿಸಿದ್ದೂ ಅವಳಿಗೆ ನೆನಪಾಯಿತು. ವಯಸ್ಸಾಗಿ ತನ್ನ ಕಾಲೇ ಸೋತಿದೆ ಎಂದುಕೊಂಡಿದ್ದಳು. ಈ ಪೈಪಿನಲ್ಲಿ ಎಲ್ಲಾದರೂ ತೂತಿದ್ದರೆ, ಲೆಕ್ಕಕ್ಕಿಲ್ಲದ ಗಾಳಿ ಮೂರನೆಯ ಮನೆಗೆ ನುಗ್ಗಿ ಪೆಟ್ರೋಲಿನ ಹದ ಕೆಡಿಸುತ್ತದೆ. ವೇಗದಲ್ಲಿದ್ದಾಗ ಒಳಗೆ ಹೋಗುವ ಗಾಳಿಯೇ ರಾಶಿ, ಅದರಲ್ಲಿ ಈ ಕಳ್ಳಗಾಳಿ ಗೊತ್ತೇ ಆಗುವುದಿಲ್ಲ. ನಿಂತಾಗ ಉಸಿರು ಚಿಕ್ಕದು. ಆಗ ಅಷ್ಟೇ ಸಾಕು ಕೆಡಿಸಲು.

ಇದು ಊಹೆ. ಊಹೆಯನ್ನು ನಂಬಿ ಪೈಪು ತಂದು ಹಾಕಿದರೆ ತಾನೂ ಅಣ್ಣನ ತಂಗಿಯೇ ಆದಂತಾಯಿತು. ಅವಳು ಇಂಜಿನ್ನನ್ನು ಬಿಸಿಮಾಡಿ, ಕುಂಟು ಶುರುವಾಗುವವರೆಗೆ ಕಾದು, ಪೈಪನ್ನು ಇಂಜಿನ್ನಿನ ಕಡೆಯ ತುದಿಯಲ್ಲೇ ಇಕ್ಕಳದಿಂದ ಬಿಗಿಯಾಗಿ ಹಿಸುಕಿದಳು. ಕುಂಟು ನಿಂತುಹೋಯಿತು. ಕೈ ಸಡಿಲಿಸಿದಳು. ಮತ್ತೆ ಕುಂಟು. ಹಿಸುಕಿದಳು, ಮತ್ತೆ ಸರಿ. ತಪ್ಪು ಈ ಜಾಗದಿಂದ ಆಚೆಗೆ. ಈಗ ಇನ್ನೊಂದು ತುದಿ, ಬ್ರೇಕಿನ ಡಬ್ಬಿಯ ಹತ್ತಿರ ಹಿಸುಕಿದಳು. ಕುಂಟು ನಿಲ್ಲಲಿಲ್ಲ. ಅಂದರೆ ಡಬ್ಬಿ ಸರಿಯಾಗಿದೆ, ತಪ್ಪು ಇವೆರಡರ ನಡುವೆ. ನಡುವೆ ಹಿಸುಕಿದಳು. ಹೀಗೆ ಅರ್ಧದಲ್ಲಿ ಅರ್ಧವಾಗಿ ಇಕ್ಕಳ ಸರಿಯುತ್ತ ಹೋಗಿ, ಪೈಪು ಇಂಜಿನ್ನಿನ ಹಿಂದೆ ಬಾಗುವ ಜಾಗಕ್ಕೆ ಬಂದು ನಿಂತಿತು. ಕಣ್ಣಿಗೆ ಕಾಣದ ಜಾಗ. ಇಂಜಿನ್ ಆರಿಸಿ, ಬೆರಳು ತೂರಿಸಿ ಕೆಳಮೈ ಸವರಿದಳು. ಉಗುರಿಗೆ ಒಂದು ಸೀಳು ಸಿಕ್ಕಿತು. ತಣ್ಣಗಿದ್ದಾಗ ತುಟಿ ಮುಚ್ಚಿಕೊಂಡಿರುತ್ತಿದ್ದ ಸೀಳು, ಬಿಸಿಗೆ ರಬ್ಬರು ಮೆತ್ತಗಾದಾಗ ಬಾಯಿ ಬಿಡುತ್ತಿತ್ತು.

ಅಷ್ಟೇ. ಇಡೀ ಕಾರಿನಲ್ಲಿ ಕೆಟ್ಟದ್ದು ಅದೊಂದೇ, ಒಂದೆರಡು ಮೊಳದ ಪೈಪಿನ ಒಂದು ಸೀಳು.

ಹೊಸ ಪೈಪನ್ನು ಅವಳೇ ಕೂಡಿಸಿದಳು. ಇಂಜಿನ್ ಸ್ಟಾರ್ಟ್ ಮಾಡಿ ಕಾದಳು. ಬಿಸಿಯಾಯಿತು. ಇನ್ನೂ ಕಾದಳು. ಸದ್ದು ನೀರು ಹರಿದ ಹಾಗೆ ಸಮನಾಗಿ ಹರಿಯುತ್ತಿತ್ತು. ಅವಳಿಗೆ ಮೊದಲು ಖುಷಿಯಾಯಿತು. ಆಮೇಲೆ ಇದನ್ನು ಯಾರಿಗೆ ಹೇಳುವುದೆಂದು ಅತ್ತಿತ್ತ ನೋಡಿದಳು. ಗ್ಯಾರೇಜಿಗೆ ಹೋದರೆ ಮೇಸ್ತ್ರಿ ಎಲ್ಲೋ ರಸ್ತೆಯಲ್ಲಿ ನಿಂತುಹೋದ ಲಾರಿ ನೋಡಲು ಹೋಗಿದ್ದ. ಹಾಲಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮೇಲಿನ ಮನೆಗೆ ಹತ್ತಿ ಟೈಲರ್ ಹೆಂಗಸಿಗೆ, ಕಾರು ಸರಿಯಾಯಿತು ಎಂದಳು. ಆಕೆ ಬಾಯಿಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆಯದೆಯೇ, ಒಳ್ಳೇದಾಯಿತು, ಇನ್ನು ಮಾರಬಹುದು ಎಂದಳು.

ಕೆಳಗಿಳಿದು ಬಂದು ಅವಳು ಬಾಗಿಲು ಹಾಕಿಕೊಂಡು ಕೂತಳು. ನಾಳೆ ಬೆಳಿಗ್ಗೆ ಎದ್ದು ನೋಡಬೇಕಾದದ್ದು ಏನೂ ಉಳಿದಿರಲಿಲ್ಲ. ವಾದಕ್ಕೂ ವಿಷಯ ಇರಲಿಲ್ಲ. ಅಣ್ಣ ಸತ್ತದ್ದು ಅವತ್ತೇ ಎಂಬಂತೆ ಅವಳು ಅವತ್ತು ಅತ್ತಳು.

ವಾರದ ಕೊನೆಗೆ ಹೊರಟಳು. ದಾರಿಯಲ್ಲಿ ಸಿಗ್ನಲ್ಲು, ರೈಲ್ವೆ ಗೇಟು, ಸೇತುವೆಯ ಮೇಲಿನ ಸಾಲು, ಎಲ್ಲ ಕಡೆ ಕಾರು ನಿಂತಿತು, ಒಂದು ಸಲವೂ ತಡವರಿಸಲಿಲ್ಲ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ. ಅತ್ತಿಗೆ ಹೋದದ್ದು ತನ್ನಿಂದ ಎಂದು ಅವಳು ಇಷ್ಟು ವರ್ಷ ನಂಬಿಕೊಂಡಿದ್ದಳು. ಎರಡೇ ಕೋಣೆಯ ಮನೆ. ಅದರಲ್ಲಿ ಒಂದನ್ನು ಮದುವೆಯಾಗದ ನಾದಿನಿ ಹಿಡಿದುಕೊಂಡು ಕೂತಿದ್ದರೆ ಯಾವ ಹೆಂಡತಿ ತಾನೇ ಇರುತ್ತಾಳೆ? ಯಾರೂ ಹಾಗೆ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ. ಅಲ್ಲಿಗೆ ಹೋಗಿ ಕಾರಿನ ಕೀ ಕೊಡುವಾಗ ಇದನ್ನೂ ಕೇಳಿಬಿಡಬೇಕು ಎಂದುಕೊಂಡಳು.

ಆಸ್ಪತ್ರೆಯ ಹಿಂಭಾಗದಲ್ಲಿ ಕೆಲಸದವರಿಗೆಂದು ಕಟ್ಟಿದ ಸಾಲುಕೋಣೆಗಳು. ಹಗ್ಗಗಳ ಮೇಲೆ ಬಿಳಿ ಹಾಸುಗಳು ಗಾಳಿಗೆ ಉಬ್ಬುತ್ತಿದ್ದವು. ಕಾರು ಬಂದು ನಿಂತದ್ದನ್ನು ಕಂಡು ಅತ್ತಿಗೆ ಬಾಗಿಲಿಗೆ ಬಂದಳು. ಕೂದಲು ಬಿಳಿಯಾಗಿತ್ತು, ಸೋಪಿನ ನೀರಿಗೆ ಬೆರಳುಗಳು ನೆರಿಗೆಗಟ್ಟಿದ್ದವು. “ಬಾ” ಎಂದಳು. ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಅಂಥ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಒಳಗೆ ಒಂದೇ ಕೋಣೆ. ಮಂಚ, ಒಂದು ಒಲೆ, ಕಿಟಕಿ. ಗೋಡೆಯ ಪಕ್ಕದಲ್ಲಿ ರಟ್ಟಿನ ಡಬ್ಬಗಳು ಒಂದರ ಮೇಲೊಂದು ಪೇರಿಸಿದ್ದವು. ಮೇಲೆ ಹಾಸು ಹೊದಿಸಿ ಅತ್ತಿಗೆ ಅದನ್ನೇ ಮೇಜು ಮಾಡಿಕೊಂಡಿದ್ದಳು. ಚಹಾದ ಲೋಟ ಇಡಲು ಜಾಗ ಮಾಡುವಾಗ ಹಾಸು ಸರಿದು ಡಬ್ಬದ ಮೇಲಿನ ಚಿತ್ರ ಕಂಡಿತು. ಫ್ಯಾನು. ಅದರ ಕೆಳಗಿನದು ಮಿಕ್ಸಿ. ಇನ್ನೊಂದು ಇಸ್ತ್ರಿಪೆಟ್ಟಿಗೆ. ಒಂದನ್ನೂ ತೆರೆದಿರಲಿಲ್ಲ.

“ಇವೆಲ್ಲ ಯಾರದು ಅತ್ತಿಗೆ?”

“ನಿಮ್ಮಣ್ಣ ಕಳಿಸಿದ್ದು. ಟ್ಯಾಕ್ಸಿಯವರ ಕೈಲಿ. ವರ್ಷಕ್ಕೆ ಒಂದೋ ಎರಡೋ ಬರ್ತಿತ್ತು.”

ಅವಳಿಗೆ ಡಿಕ್ಕಿಯ ಪೊಟ್ಟಣಗಳು ಕಣ್ಣೆದುರು ಬಂದವು. ಲೋಟ ಕೆಳಗಿಟ್ಟು, ದಾರಿಯಲ್ಲಿ ಕಟ್ಟಿಕೊಂಡು ಬಂದ ಪೀಠಿಕೆಯೆಲ್ಲ ಬಿಟ್ಟು ನೇರವಾಗಿ ಕೇಳಿದಳು.

“ನೀವು ಯಾಕೆ ಬಿಟ್ಟು ಬಂದ್ರಿ?”

“ನಾನೆಲ್ಲಿ ಬಿಟ್ಟು ಬಂದೆ?” ಎಂದಳು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದಳು. ತಾಯಿಯನ್ನು ನೋಡಿಕೊಳ್ಳಲು ಬಂದದ್ದು ನಿಜ. ತಾಯಿ ಹೋದಾಗ ಗಂಡ ಬಂದಿದ್ದ. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದ. ಈಗ ‘ನಡಿ ಹೋಗೋಣ’ ಅನ್ನುತ್ತಾನೆ ಎಂದು ಇವಳು ಚೀಲ ಕೂಡ ಕಟ್ಟಿಟ್ಟಿದ್ದಳು. ಅವನು ‘ಬರ್ಲಾ?’ ಎಂದ. ಇವಳು ‘ಹೂಂ’ ಎಂದಳು. ಅವನು ಹೊರಟುಹೋದ.

“ಆಮೇಲೆ ಬರ್ತಾರೆ ಅಂತ ಕಾದೆ. ಅವರು ಬರ್ಲಿಲ್ಲ, ಫ್ಯಾನ್ ಬಂತು. ಫ್ಯಾನ್ ಕಳಿಸಿದ್ರೆ ಏನರ್ಥ ಹೇಳು? ಅಲ್ಲೇ ಇರು ಅಂತ ತಾನೆ?”

“ನಿಮ್ಮನ್ನ ಒಲಿಸ್ಕೊಳ್ಳೋಕೆ ಕಳಿಸ್ತಿದ್ದ ಅತ್ತಿಗೆ. ಅವನಿಗೆ ಗೊತ್ತಿದ್ದಿದ್ದು ಅದೊಂದೇ.”

“ಹಾಗಂತ ನಿಂಗೆ ಹೇಳಿದ್ರಾ?”

“ಇಲ್ಲ.”

“ನಂಗೂ ಹೇಳ್ಲಿಲ್ಲ.”

ಹೊರಗೆ ಹಾಸುಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಅವಳಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನೂ ಕೇಳಿದಳು. “ನಾನು ಆ ಮನೇಲಿದ್ದೆ ಅಂತ ಅಲ್ವಾ ನೀವು ಬರದೇ ಇದ್ದಿದ್ದು?”

ಅತ್ತಿಗೆ ಅವಳ ಮುಖ ನೋಡಿದಳು, ನಿಜವಾಗಿಯೂ ಆಶ್ಚರ್ಯವಾದವಳ ಹಾಗೆ. “ನೀನಾ? ನೀನು ಮನೇಲಿ ಎಲ್ಲಿದ್ದೆ? ಯಾವಾಗ ನೋಡಿದ್ರೂ ಡ್ಯೂಟಿ. ಬಂದ್ರೆ ಒಂದು ಮಾತಿಲ್ಲ, ಕತೆಯಿಲ್ಲ. ನೀನಿದ್ದಿದ್ದು ನಂಗೆ ಸರಿಯಾಗಿ ನೆನಪೇ ಇಲ್ಲ.”

ಹತ್ತು ವರ್ಷ ಹೊತ್ತ ಹೊರೆ ಇಳಿದಾಗ ಹಗುರವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ, ತಪ್ಪಿತಸ್ಥಳಾಗಿಯಾದರೂ ತಾನು ಆ ಮನೆಯಲ್ಲಿ ಇದ್ದೆ ಎಂದುಕೊಂಡದ್ದೂ ಹೋಯಿತು. ಅವಳು ಚಹಾ ಕುಡಿದು ಮುಗಿಸಿದಳು. ಆರಿಹೋಗಿತ್ತು.

ಕೀ ಮುಂದೆ ಇಟ್ಟಾಗ ಅತ್ತಿಗೆ ಮುಟ್ಟಲಿಲ್ಲ. ತನಗೆ ಓಡಿಸಲು ಬಾರದು, ನಿಲ್ಲಿಸಲು ಜಾಗವಿಲ್ಲ, ಇಷ್ಟು ಸಾಮಾನೇ ಸಾಕು ಎಂದಳು. ಕೊನೆಗೆ, ಒಂದು ಸುತ್ತು ಕರೆದುಕೊಂಡು ಹೋಗು, ಸಾಕು ಎಂದಳು. ಇಬ್ಬರೂ ಊರನ್ನು ಒಂದು ಸುತ್ತು ಬಂದರು. ಅತ್ತಿಗೆ ಮುಂದಿನ ಸೀಟಿನಲ್ಲಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಗಾಜು ಇಳಿಸಿ ಕೂತಿದ್ದಳು. ಒಂದು ಕಡೆ ಅಂಗಡಿಯ ಮುಂದೆ ನಿಲ್ಲಿಸು ಎಂದು ಸೋಪು ಕೊಂಡಳು. ಕಾರು ಹೇಗಿದೆ, ಸದ್ದು ಹೇಗಿದೆ ಎಂದು ಒಂದು ಮಾತೂ ಆಡಲಿಲ್ಲ. ಅದರ ಹಿಂದೆ ನಡೆದದ್ದು ಅವಳಿಗೇನು ಗೊತ್ತು? ಹೇಳೋಣವೆಂದು ಟೆಸ್ಟಕ್ಕ ಎರಡು ಸಲ ಬಾಯಿ ತೆರೆದು, ಇನ್ನೊಂದು ಸಲ ಹೇಳಿದರಾಯಿತು ಎಂದು ಬಿಟ್ಟಳು.

ಪಾಳಿಯ ಹೊತ್ತಾಗಿತ್ತು. ಒಗೆಯುವ ಕೋಣೆಯ ಬಾಗಿಲಲ್ಲಿ ಇಳಿಯುತ್ತ ಅತ್ತಿಗೆ, ಮುಂದಿನ ಸಲ ಬರುವ ಮೊದಲು ತಿಳಿಸಿದರೆ ರಜೆ ಹಾಕುತ್ತೇನೆ ಎಂದಳು. ‘ಬರ್ತೀಯಾ’ ಎಂದು ಕೇಳಲಿಲ್ಲ, ‘ಮುಂದಿನ ಸಲ’ ಎಂದಳು. ಟೆಸ್ಟಕ್ಕ ಇದನ್ನು ಗಮನಿಸಿದಳು. ಆದರೆ ಗಮನಿಸಿದ್ದನ್ನು ತನ್ನೊಳಗೇ ಇಟ್ಟುಕೊಂಡು ಊಹೆ ಕಟ್ಟುವುದು ಬೇಡವೆನಿಸಿತು.

“ನಾನು ಮತ್ತೆ ಬರ್ಲಿ ಅಂತ ನಿಮಗಿದೆಯಾ ಅತ್ತಿಗೆ?”

ಅತ್ತಿಗೆ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. “ಇದೆ,” ಎಂದು ಒಳಗೆ ಹೋದಳು.

ಟೆಸ್ಟಕ್ಕ ಮತ್ತೆ ಮತ್ತೆ ಹೋದಳು. ಎರಡು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ. ಅತ್ತಿಗೆ ಮಾತ್ರ ಆ ಎರಡು ಕೋಣೆಯ ಮನೆಗೆ ಎಂದೂ ಬರಲಿಲ್ಲ. ಕರೆದಾಗ, ಅಲ್ಲಿ ಏನಿದೆ ಅಂತ ಬರಲಿ ಎಂದು ನೇರವಾಗಿಯೇ ಹೇಳಿದಳು. ಕೆಲವು ವರ್ಷಗಳ ಮೇಲೆ ಕಣ್ಣು ಮಂಜಾಗಿ ಟೆಸ್ಟಕ್ಕ ಕಾರನ್ನು ಮೇಸ್ತ್ರಿಗೆ ಕೊಟ್ಟು, ಬಸ್ಸು ಹಿಡಿಯತೊಡಗಿದಳು. ಅತ್ತಿಗೆ ಬಸ್ ನಿಲ್ದಾಣಕ್ಕೆ ಬರುತ್ತಿದ್ದಳು. ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ಕೂತು, ಬರುವ ಹೋಗುವ ಬಸ್ಸುಗಳನ್ನು ನೋಡುತ್ತ, ಆಗಾಗ ಒಂದು ಮಾತು ಆಡುತ್ತಿದ್ದರು. ಅಣ್ಣನ ಸುದ್ದಿ ಅಪರೂಪಕ್ಕೆ ಬರುತ್ತಿತ್ತು. ವಾಪಸು ಹೋಗುವ ಬಸ್ಸು ಬಂದಾಗ ಅತ್ತಿಗೆ ಎದ್ದು, ಕಿಟಕಿಯ ಪಕ್ಕದ ಸೀಟು ಸಿಕ್ಕಿತೇ ಎಂದು ಕೆಳಗಿನಿಂದಲೇ ಬಗ್ಗಿ ನೋಡುತ್ತಿದ್ದಳು.